ಹದಿನೈದನೇ ಸೀಟಿನ ಹೆಸರು

ಹೊಂಕಸಾಲ್ಮಿಯ ಐಸ್ ಹಾಕಿ ತಂಡಕ್ಕೆ ನೀರುನಾಯಿಗಳು ಎಂದು ಹೆಸರು. ಹೆಸರಿಟ್ಟ ಪುಣ್ಯಾತ್ಮ ನೀರುನಾಯಿಯ ಚುರುಕು ನೋಡಿದ್ದನೇ ಹೊರತು ಈ ತಂಡದ ಆಟ ನೋಡಿರಲಿಲ್ಲ. ದೇಶದ ಅತಿ ಮೇಲಿನ ಲೀಗಿನಲ್ಲಿ ಹದಿನೈದು ತಂಡಗಳು. ನೀರುನಾಯಿಗಳದು ವರ್ಷಾ ವರ್ಷಾ ಹನ್ನೆರಡನೆಯದೋ ಹದಿಮೂರನೆಯದೋ ಸ್ಥಾನ. ಮೊದಲ ಹತ್ತು ತಂಡಗಳು ನಾಕೌಟ್ ಸುತ್ತಿಗೆ ಗಡ್ಡ ಬಿಟ್ಟುಕೊಂಡು ತಯಾರಾಗುವ ಹೊತ್ತಿಗೆ ನಮ್ಮವರು ಸ್ಕೇಟು ಬಿಚ್ಚಿಟ್ಟು, ಮುಖ ಬೋಳಿಸಿಕೊಂಡು ಮನೆಯಲ್ಲಿರುತ್ತಿದ್ದರು. ಇಷ್ಟಾದರೂ ಸೆಪ್ಟೆಂಬರ್ ಬಂತೆಂದರೆ ಊರಿನ ಮೂರು ಸಾವಿರ ಜನ ಸೀಸನ್ ಟಿಕೆಟ್ ಹಿಡಿದು ಐಸ್ ಹಾಕಿ ಕ್ರೀಡಾಂಗಣದಲ್ಲಿ ಕೂರುತ್ತಿದ್ದರು. ಅವರಲ್ಲಿ ತಾರ್ಮೊ ಕಿವೆಲಾ ಒಬ್ಬ.

ತಾರ್ಮೊಗೆ ಅರವತ್ತಮೂರು. ನಗರಸಭೆಯ ಹಿಮ ಗೋರುವ ಗಾಡಿ ಓಡಿಸುವ ಕೆಲಸ. ಹೆಂಡತಿ ತೀರಿಕೊಂಡು ಹದಿನಾಲ್ಕು ವರ್ಷ. ಹನ್ನೊಂದು ಸೀಸನ್ನಿನಿಂದ ಅವನ ಜಾಗ ಸಿ ವಿಭಾಗದ ಹನ್ನೊಂದನೇ ಸಾಲು, ಹದಿನಾಲ್ಕನೇ ಸೀಟು. ಪಕ್ಕದ ಹದಿನೈದರಲ್ಲಿ ಅಷ್ಟೇ ವರ್ಷಗಳಿಂದ ಒಬ್ಬ ಹೆಂಗಸು ಕೂರುತ್ತಿದ್ದಳು. ವರ್ಷಕ್ಕೆ ಊರಿನಲ್ಲಿ ಮೂವತ್ತು ಪಂದ್ಯ. ಮುನ್ನೂರಕ್ಕೂ ಹೆಚ್ಚು ಸಂಜೆ ಇಬ್ಬರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದರು. ಆಕೆಯ ಹೆಸರೇನೆಂದು ತಾರ್ಮೊಗೆ ಗೊತ್ತಿರಲಿಲ್ಲ.

ಇದು ನಂಬುವ ಮಾತಲ್ಲ ಎನ್ನುವವರು ಹೊಂಕಸಾಲ್ಮಿಯವರಲ್ಲ. ಮೊದಲ ವರ್ಷ ಮೊದಲ ಪಂದ್ಯದಲ್ಲಿ ಅವನು "ಮೋಯ್" ಎಂದಿದ್ದ, ಆಕೆ "ಮೋಯ್" ಎಂದಿದ್ದಳು. ಒಂದು ವರ್ಷಕ್ಕೆ ಆ ನಮಸ್ಕಾರ ಸಾಕಾಯಿತು. ಎರಡನೇ ವರ್ಷ ರೆಫರಿಯನ್ನು ಒಟ್ಟಿಗೆ ಬೈಯುವುದು ಶುರುವಾಯಿತು. ಮೂರನೇ ವರ್ಷದಿಂದ ಮೊದಲ ವಿರಾಮದ ಕಾಫಿ ಅವನು ತರುವುದು, ಎರಡನೇ ವಿರಾಮದ್ದು ಆಕೆ ತರುವುದು. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ನಮ್ಮ ಕಡೆ ಅಪರಿಚಿತರ ಹೆಸರು ಕೇಳುವುದು ಅಧಿಕಪ್ರಸಂಗ, ಪರಿಚಿತರ ಹೆಸರು ಕೇಳುವುದು ಅವಮಾನ. ಎರಡರ ನಡುವೆ ಎಲ್ಲೋ ಒಂದು ಸರಿಯಾದ ವಾರ ಇರುತ್ತದೆ. ತಾರ್ಮೊ ಆ ವಾರವನ್ನು ತಪ್ಪಿಸಿಕೊಂಡಿದ್ದ.

ಮಿಕ್ಕದ್ದೆಲ್ಲ ಅವನಿಗೆ ಗೊತ್ತಿತ್ತು. ಆಕೆ ಕೆರೆಯಾಚೆಯ ಬಸ್ಸಿನಲ್ಲಿ ಒಬ್ಬಳೇ ಬರುತ್ತಾಳೆ. ಕಾಫಿಗೆ ಹಾಲು ಹಾಕುವುದಿಲ್ಲ. ನಮ್ಮವರು ಗೆಲ್ಲುವಾಗ ಕಾಲುಚೀಲ ಹೆಣೆಯುತ್ತಾಳೆ, ಸೋಲುವಾಗ ಬಿಚ್ಚುತ್ತಾಳೆ, ಹೀಗಾಗಿ ಒಂದು ಜೊತೆ ಮುಗಿಯಲು ಎರಡು ವರ್ಷ ಬೇಕು. ಬೈಗುಳವನ್ನು ಪ್ರಾರ್ಥನೆಯಷ್ಟು ಮೆತ್ತಗೆ ಹೇಳುತ್ತಾಳೆ. ಮನಸ್ಸಿನಲ್ಲಿ ಅವನು ಆಕೆಯನ್ನು 'ಹದಿನೈದು' ಎಂದೇ ಕರೆಯುತ್ತಿದ್ದ.

ಆ ವರ್ಷದ ಸೀಸನ್ನು ಎಂದಿನಂತೆ ಕೆಟ್ಟದಾಗಿ ಶುರುವಾಯಿತು. ಮೊದಲ ಒಂಬತ್ತು ಪಂದ್ಯಗಳಲ್ಲಿ ಏಳು ಸೋಲು. ನವೆಂಬರಿನಲ್ಲಿ ಕೋಚ್‌ನನ್ನು ಮನೆಗೆ ಕಳಿಸಿದರು. ಹೊಸದಾಗಿ ಬಂದವನು ತನ್ನ ಮೊದಲ ಪತ್ರಿಕಾಗೋಷ್ಠಿಯಲ್ಲಿ ಒಟ್ಟು ಒಂಬತ್ತು ಶಬ್ದ ಆಡಿದ. ಊರಿಗೆ ಮನುಷ್ಯ ಹಿಡಿಸಿಬಿಟ್ಟ. ಡಿಸೆಂಬರಿನ ಹೊತ್ತಿಗೆ ತಂಡ ಒಂದೊಂದಾಗಿ ಗೆಲ್ಲತೊಡಗಿತು, ಕಾಲುಚೀಲ ಹಿಮ್ಮಡಿಯವರೆಗೆ ಬಂತು.

ಜನವರಿಯ ಒಂದು ಪಂದ್ಯ. ಎದುರಾಳಿಯೊಬ್ಬ ಶಿಕ್ಷೆಗೆಂದು ಹೊರಗೆ ಕೂತಿದ್ದ, ನಮ್ಮವರು ಐದು ಜನ, ಅವರು ನಾಲ್ಕು. ಇಡೀ ಕ್ರೀಡಾಂಗಣ ಉಸಿರು ಹಿಡಿದು ನೋಡುತ್ತಿದ್ದಾಗ ಹದಿನೈದು, ಐಸಿನ ಮೇಲಿನ ಕಣ್ಣು ಕೀಳದೆ ಹೇಳಿದಳು: "ಇದೇ ನನ್ನ ಕೊನೇ ಸೀಸನ್ನು. ಮುಂದಿನ ವರ್ಷಕ್ಕೆ ಸೀಟು ಬಿಟ್ಟುಬಿಡ್ತೀನಿ."

ಅಷ್ಟರಲ್ಲಿ ನಮ್ಮವರು ಗೋಲು ಹೊಡೆದರು. ಮೂರು ಸಾವಿರ ಜನ ಎದ್ದು ನಿಂತರು. ತಾರ್ಮೊ ಒಬ್ಬನೇ ಕೂತಿದ್ದ.

"ಹಾಗಾ," ಎಂದ, ಗದ್ದಲ ಇಳಿದ ಮೇಲೆ.

"ಹೂಂ," ಎಂದಳು ಆಕೆ.

ಮಾತು ಅಲ್ಲಿಗೆ ಮುಗಿಯಿತು. ಯಾಕೆ ಎಂದು ಕೇಳಬೇಕೆಂದು ತಾರ್ಮೊಗೆ ಹೊಳೆದದ್ದು ಮಾರನೇ ದಿನ ಬೆಳಿಗ್ಗೆ, ರೈಲು ನಿಲ್ದಾಣದ ಮುಂದೆ ಹಿಮ ಗೋರುವಾಗ. ಹಾಗೆ ಗೋರುತ್ತಲೇ ಕಾರಣವನ್ನೂ ಅವನೇ ಕಂಡುಹಿಡಿದುಕೊಂಡ. ಆಕೆ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ನಿಧಾನವಾಗಿ ಹತ್ತುತ್ತಾಳೆ. ಮಂಡಿ ನೋವು. ಹನ್ನೊಂದನೇ ಸಾಲು ಎತ್ತರವಾಯಿತು, ಅಷ್ಟೇ. ಕೆಳಗೆ ಎರಡನೇ ಸಾಲಿನಲ್ಲಿ ಜೋಡಿ ಸೀಟು ಸಿಕ್ಕರೆ ಎಲ್ಲ ಸರಿಹೋಗುತ್ತದೆ. ಗಾಡಿಯನ್ನು ಅಲ್ಲೇ ತಿರುಗಿಸಿ ಕ್ಲಬ್ಬಿನ ಟಿಕೆಟ್ ಕೌಂಟರಿಗೆ ಹೋದ.

ಕೌಂಟರಿನಲ್ಲಿದ್ದವಳು ಸೊಯ್ಲಿ. ಎರಡನೇ ಸಾಲಿನಲ್ಲಿ ಎರಡು ಜಾಗ ಖಾಲಿ ಇವೆ ಎಂದಳು. ಒಂದು ಫಾರಂ ತೆಗೆದು ಮುಂದಿಟ್ಟಳು.

"ಇಬ್ಬರ ಹೆಸರೂ ಬರೀರಿ, ಇಬ್ಬರ ಸಹಿಯೂ ಬೇಕು. ಈ ಸೀಸನ್ನಿನ ಕೊನೇ ಪಂದ್ಯ ಮುಗಿಯೋದ್ರೊಳಗೆ ಕೊಡಿ. ಆಮೇಲೆ ಬೇರೆಯವರಿಗೆ ಹೋಗತ್ತೆ."

"ಆಕೆ ಹೆಸರು ನಿಮ್ಮ ಕಂಪ್ಯೂಟರಲ್ಲಿ ಇರತ್ತಲ್ಲ?"

"ಇರತ್ತೆ. ಹೇಳೋ ಹಾಗಿಲ್ಲ, ಕಾನೂನಿದೆ."

"ಹನ್ನೊಂದು ವರ್ಷದಿಂದ ಪಕ್ಕದಲ್ಲೇ ಕೂತಿದೀನಿ ಕಣಮ್ಮ."

ಸೊಯ್ಲಿ ಕನ್ನಡಕ ಮೂಗಿನ ತುದಿಗೆ ಇಳಿಸಿ ಅವನನ್ನು ನೋಡಿದಳು. "ಹಾಗಾದ್ರೆ ನಿಮಗೇ ಗೊತ್ತಿರ್ಬೇಕಲ್ಲ?"

ತಾರ್ಮೊ ಫಾರಮನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಬಂದ.

ಹಿಂದಿನ ಸಾಲಿನಲ್ಲಿ ಓಸ್ಮೊ ಎಂಬ ನಿವೃತ್ತ ಬಸ್ ಡ್ರೈವರ್ ಕೂರುತ್ತಿದ್ದ. ಊರಿನ ವಾಚಾಳಿ. ಬಂದ ಕ್ಷಣದಿಂದ ಹೋಗುವವರೆಗೆ "ನೋಡ್ದೇನೋ ತಾರ್ಮೊ", "ಏನಂತೀಯ ತಾರ್ಮೊ" ಎಂದು ಬೆನ್ನಿಗೆ ಕೂಗುತ್ತಲೇ ಇರುವವನು. ಅವನನ್ನು ಗಂಡಸರ ಪಾಯಿಖಾನೆಯ ಸಾಲಿನಲ್ಲಿ ಹಿಡಿದು ತಾರ್ಮೊ ವಿಚಾರಿಸಿದ.

"ಆವಮ್ಮನ ಹೆಸರಾ? ನಂಗೆ ಹೇಗೆ ಗೊತ್ತಾಗತ್ತೋ, ಪಕ್ಕದಲ್ಲಿ ಕೂರೋನು ನೀನು," ಎಂದ ಓಸ್ಮೊ. ಆಮೇಲೆ ವಿಷಯ ಅರ್ಥವಾಗಿ ಅವನ ಮುಖ ಅಗಲವಾಯಿತು. "ಅಯ್ಯೋ ನಿನ್ನ ಮನೆ ಕಾಯ್ವಾಗ. ಹೋಗಿ ಕೇಳು ಮಾರಾಯ. ಮೂರು ಶಬ್ದ ಆಗಲ್ಲ."

"ಈಗ ಹೇಗೆ ಕೇಳೋದು? ಹನ್ನೊಂದು ವರ್ಷ ಈ ಮನುಷ್ಯ ಕೇಳೇ ಇಲ್ವಲ್ಲ ಅಂದ್ಕೊಳಲ್ವಾ?"

"ಕೇಳಿಲ್ವಲ್ಲ ನೀನು."

"ಅದಕ್ಕೇ ಹೇಳಿದ್ದು."

ಕೊನೆಗೆ ದಾರಿ ತೋರಿಸಿದ್ದು ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ನಮ್ಮ ಕ್ಯಾಲೆಂಡರಿನಲ್ಲಿ ದಿನಕ್ಕೊಂದೆರಡು ಹೆಸರು ಅಚ್ಚಾಗಿರುತ್ತವೆ. ಆ ಹೆಸರಿನವರಿಗೆ ಅಂದು ನಾಮದಿನ, ಕಾಫಿ, ಕೇಕು, ಶುಭಾಶಯ. ಪಂದ್ಯದ ದಿನ ಯಾವ ಹೆಣ್ಣುಹೆಸರಿದೆಯೋ ಅದನ್ನು ಮಾತಿನ ನಡುವೆ ಹಗುರಾಗಿ ಎಸೆಯುವುದು, ಆಕೆಯ ಮುಖ ನೋಡುವುದು. ಆಕೆಯದೇ ಆಗಿದ್ದರೆ ಮುಖ ಹೇಳಿಬಿಡುತ್ತದೆ. ಇಷ್ಟು ಬುದ್ಧಿ ತನಗಿದೆಯೆಂದು ತಾರ್ಮೊ ತನ್ನ ಬೆನ್ನು ತಾನೇ ತಟ್ಟಿಕೊಂಡ.

"ಇವತ್ತು ರಾಯ್ಯಾಳ ನಾಮದಿನ," ಎಂದ ಫೆಬ್ರವರಿಯ ಮೊದಲ ಪಂದ್ಯದಲ್ಲಿ, ಕಾಫಿ ಕೊಡುತ್ತ.

"ಹೌದಾ," ಎಂದಳು ಹದಿನೈದು.

ಮುಂದಿನ ಪಂದ್ಯದಲ್ಲಿ, "ಇವತ್ತು ಎಲ್ಮಿದು."

"ಓಹೋ."

ಆಮೇಲೆ ನಾಲ್ಕು ಪಂದ್ಯ ಸಾಲಾಗಿ ಗಂಡಸರ ದಿನವೇ ಬಿದ್ದವು. ಕ್ಯಾಲೆಂಡರು ಮಾಡಿದವರ ಮೇಲೆ ತಾರ್ಮೊಗೆ ರೆಫರಿಯ ಮೇಲಿರುವಷ್ಟೇ ಸಿಟ್ಟು ಬಂತು. ಮತ್ತೆ ಒಬ್ಬಳು ತೂಲಿಕ್ಕಿ ಸಿಕ್ಕಳು, ಒಬ್ಬಳು ಹಿಲ್ಯಾ ಸಿಕ್ಕಳು. ಒಂದಕ್ಕೂ ಆಕೆಯ ಹುಬ್ಬು ಏಳಲಿಲ್ಲ. ಅದರ ಬದಲು ಬೇರೆಯೇ ಏನೋ ನಡೆಯಿತು: ಎರಡನೇ ವಿರಾಮದ ಕಾಫಿ ಬರುವುದು ತಡವಾಗತೊಡಗಿತು. ಮಾರ್ಚಿನ ಒಂದು ದಿನ ಮತ್ತೊಂದು ಹೆಸರು ಹೇಳಿದಾಗ ಆಕೆ ಹೆಣಿಗೆ ಕಡ್ಡಿ ಮಡಿಲಲ್ಲಿಟ್ಟಳು.

"ನಿಮಗೆ ಗುರುತಿನ ಹೆಂಗಸರು ತುಂಬಾ ಜನ ಅಂತ ಕಾಣತ್ತೆ."

"ಇಲ್ಲ ಇಲ್ಲ. ಸುಮ್ನೆ ಕ್ಯಾಲೆಂಡರಲ್ಲಿ..."

"ಎಲ್ಲರ ದಿನವನ್ನೂ ನೆನಪಿಟ್ಕೋತೀರಿ. ಒಳ್ಳೇದೇ. ಆ ಎಲ್ಮಿಗಂತೂ ಖುಷಿಯಾಗಿರ್ಬೇಕು."

ಹಿಂದಿನಿಂದ ಓಸ್ಮೊ ಕೆಮ್ಮಿದ. ಕೆಮ್ಮಿನಲ್ಲಿ ನಗುವಿತ್ತು. ಬುದ್ಧಿವಂತಿಕೆ ಹೆಚ್ಚಾದರೆ ಏನಾಗುತ್ತದೆಂದು ತಾರ್ಮೊಗೆ ಅರವತ್ತಮೂರನೇ ವಯಸ್ಸಿನಲ್ಲಿ ತಿಳಿಯಿತು. ಅಂದಿನಿಂದ ಕ್ಯಾಲೆಂಡರಿನ ತಂಟೆಗೆ ಹೋಗಲಿಲ್ಲ.

ಸೀಸನ್ನು ಮುಗಿಯಲು ಎರಡೇ ವಾರ. ಫಾರಂ ಜೇಬಿನಲ್ಲಿ ಮೆತ್ತಗಾಗುತ್ತಿತ್ತು. ಈಗ ಅವನನ್ನು ಕಾಯಬೇಕಾದವರು ನೀರುನಾಯಿಗಳೇ. ಹತ್ತನೇ ಸ್ಥಾನಕ್ಕೆ ಏರಿದ್ದ ಅವರು ಅಲ್ಲೇ ಉಳಿದರೆ ಸೀಸನ್ನು ಬೆಳೆಯುತ್ತದೆ, ಇನ್ನೊಂದೆರಡು ಸಂಜೆ ಸಿಗುತ್ತವೆ. ಜನ್ಮದಲ್ಲಿ ದೇವರನ್ನು ನೆನೆಯದವನು ಹಿಮಗಾಡಿಯಲ್ಲಿ ಕೂತು ಲೀಗಿನ ಅಂಕಪಟ್ಟಿಯನ್ನು ಜಪದಂತೆ ಹೇಳಿಕೊಳ್ಳತೊಡಗಿದ. ಕೊನೆಯ ದಿನ ನಮ್ಮವರು ಸೋತರು. ಆದರೆ ಹನ್ನೊಂದನೇ ಸ್ಥಾನದ ತಂಡ ಅದಕ್ಕಿಂತ ಹೀನಾಯವಾಗಿ ಸೋತು ನಮ್ಮನ್ನು ಉಳಿಸಿತು. ಇಪ್ಪತ್ತೆರಡು ವರ್ಷದ ಮೇಲೆ ಹೊಂಕಸಾಲ್ಮಿ ನಾಕೌಟ್ ಸುತ್ತಿಗೆ ಬಂತು, ಅದೂ ಸೋತುಕೊಂಡು. ಜನ ಚೌಕದಲ್ಲಿ ಸೇರಿ ಏನು ಮಾಡುವುದೆಂದು ತೋಚದೆ ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಹೋದರು.

ಊರಿನ ಗಂಡಸರು ಗಡ್ಡ ಬಿಟ್ಟರು. ನಾಕೌಟ್ ಮುಗಿಯುವವರೆಗೆ ಮುಖಕ್ಕೆ ಕತ್ತಿ ತಾಗಿಸುವ ಹಾಗಿಲ್ಲ. ಪಾದ್ರಿಗೂ ಗಡ್ಡ, ಬ್ಯಾಂಕಿನ ಮ್ಯಾನೇಜರಿಗೂ ಗಡ್ಡ. ತಾರ್ಮೊನದು ಅರ್ಧ ಬಿಳಿ, ಅರ್ಧ ಕೆಂಪು, ಕೆನ್ನೆಯ ಒಂದು ಕಡೆ ಏನೂ ಇಲ್ಲ.

"ಗಡ್ಡ ನಿಮಗೆ ಒಪ್ಪಲ್ಲ," ಎಂದಳು ಹದಿನೈದು.

ಆಕೆ ತನ್ನ ಮುಖ ನೋಡಿದ್ದಾಳೆ ಎಂಬ ಸಂತೋಷದಲ್ಲಿ ತಾರ್ಮೊ ಅಂದು ಏನೂ ಕೇಳಲಾರದೆ ಹೋದ.

ಮೊದಲ ಸುತ್ತು ದಾಟಿದರು. ಹೇಗೆ ದಾಟಿದರೆಂದು ಕೋಚ್‌ನನ್ನು ಕೇಳಿದರೆ, "ಅವರಿಗಿಂತ ಒಂದು ಗೋಲು ಜಾಸ್ತಿ," ಎಂದ. ಕ್ವಾರ್ಟರ್ ಫೈನಲಿಗೆ ಎದುರಾದದ್ದು ಲೀಗಿನ ಅಗ್ರ ತಂಡ, ರಾಜಧಾನಿಯ ಸಾಹುಕಾರರು. ನಾಲ್ಕು ಪಂದ್ಯ ಮೊದಲು ಗೆದ್ದವರು ಮುಂದಕ್ಕೆ. ನಾಲ್ಕಕ್ಕೆ ನಾಲ್ಕೂ ಸೋಲುತ್ತೇವೆಂದು ಎಲ್ಲರೂ ನೆಮ್ಮದಿಯಾಗಿದ್ದರು. ಆದರೆ ಗೋಲು ಕಾಯುವ ಚೆಕ್ ದೇಶದ ಹುಡುಗನಿಗೆ ಮೈಮೇಲೆ ಏನೋ ಬಂದಂತಾಗಿ ನಮ್ಮವರು ಎರಡು ಗೆದ್ದರು. ಊರಿನಲ್ಲಿ ನಡೆದ ಒಂದೊಂದು ಪಂದ್ಯದಲ್ಲೂ ತಾರ್ಮೊ ಬಾಯಿ ತೆರೆದ. ಒಮ್ಮೆ "ನಿಮ್ಮ..." ಎಂದು ಶುರುಮಾಡಿ "ಕಾಫಿ ಆರುತ್ತೆ" ಎಂದು ಮುಗಿಸಿದ. ಇನ್ನೊಮ್ಮೆ "ನಾನೊಂದು ವಿಷಯ..." ಎಂದಾಗ ಆಕೆ ಹೆಣಿಗೆ ನಿಲ್ಲಿಸಿ ಅವನ ಕಡೆಗೇ ತಿರುಗಿದಳು. ಆ ನೋಟಕ್ಕೆ ಅವನು ಹೆದರಿ, ಎದುರಾಳಿಯ ಹಿಂಗಾವಲು ದುರ್ಬಲ ಎಂಬ ವಿಷಯ ತಿಳಿಸಿದ.

ಆರನೇ ಪಂದ್ಯ ಊರಿನಲ್ಲಿ. ಎರಡಕ್ಕೆ ಮೂರು ಹಿಂದೆ. ಇದು ಸೋತರೆ ಎಲ್ಲ ಮುಗಿಯಿತು. ಆಕೆ ಬಂದಾಗ ಕೈಯಲ್ಲಿ ಹೆಣಿಗೆಯ ಚೀಲ ಇರಲಿಲ್ಲ. "ಮುಗೀತು," ಎಂದಳು, "ಎರಡೂ ಕಾಲು." ಆ ಮಾತು ಕೇಳಿ ತಾರ್ಮೊಗೆ ಯಾಕೋ ಅಳು ಬಂದ ಹಾಗಾಯಿತು.

ಮೂರು ಅವಧಿಯೂ ಮುಗಿದು ಎರಡಕ್ಕೆ ಎರಡು. ಹೆಚ್ಚುವರಿ ಆಟ, ಮೊದಲು ಗೋಲು ಹೊಡೆದವರದ್ದು ಗೆಲುವು. ಗೋಲಿನ ಹಿಂದೆ ನಿಂತ ಅಭಿಮಾನಿಗಳು ಡೋಲು ಬಾರಿಸುತ್ತಿದ್ದರು, ಛಾವಣಿ ಹಾರಿಹೋಗುವಂತೆ ಹಾಡುತ್ತಿದ್ದರು. ಈ ಗದ್ದಲವೇ ತನಗೆ ದೇವರು ಕೊಟ್ಟ ಮರೆ ಎಂದು ತಾರ್ಮೊಗೆ ಅನ್ನಿಸಿತು. ಈ ಸದ್ದಿನಲ್ಲಿ ಕೇಳಿದರೆ ಪ್ರಪಂಚಕ್ಕೆ ಗೊತ್ತಾಗುವುದಿಲ್ಲ.

"ನಿಮ್ಮ ಹೆಸರೇನು?" ಎಂದ.

"ಏನು?"

"ನಿಮ್ಮ ಹೆಸರು!"

"ಕೇಳ್ತಾ ಇಲ್ಲ," ಎಂದು ಆಕೆ ಕಿವಿಯ ಹತ್ತಿರ ಕೈ ತಂದಳು.

ತಾರ್ಮೊ ಎದೆತುಂಬ ಉಸಿರೆಳೆದುಕೊಂಡ. ಮೂವತ್ತು ವರ್ಷ ಹಿಮಗಾಡಿಯ ಎಂಜಿನ್ನಿನ ಮೇಲೆ ಕೂಗಿ ಪಳಗಿದ ಗಂಟಲು ಅದು. ಅದೇ ಹೊತ್ತಿಗೆ ಕೆಳಗೆ ರಾಜಧಾನಿಯ ಒಬ್ಬ ಆಟಗಾರ ಸುಮ್ಮನೆ ತಳ್ಳಿದ ಪಕ್ ಎಂಬ ರಬ್ಬರ್ ಬಿಲ್ಲೆ ಯಾರದೋ ಸ್ಕೇಟಿಗೆ ತಾಗಿ, ಚೆಕ್ ಹುಡುಗನ ಕಾಲುಗಳ ನಡುವೆ ಜಾರಿ ಬಲೆ ಸೇರಿತು. ಡೋಲು ನಿಂತಿತು. ಹಾಡು ನಿಂತಿತು. ಮೂರು ಸಾವಿರ ಜನ ಒಟ್ಟಿಗೆ ಬಾಯಿ ಮುಚ್ಚಿದರು. ಆ ಮೌನದಲ್ಲಿ ಸಿ ವಿಭಾಗದ ಹನ್ನೊಂದನೇ ಸಾಲಿನಿಂದ ಒಂದು ಧ್ವನಿ ಕ್ರೀಡಾಂಗಣದ ಮೂಲೆಮೂಲೆಗೂ ಕೇಳಿಸಿತು:

"ನಿಮ್ಮ ಹೆಸರೇನು ಅಂತ ಕೇಳ್ದೆ!"

ಜನ ತಿರುಗಿ ನೋಡಿದರು. ರೆಫರಿ ನೋಡಿದ. ಕುಣಿಯಲು ಹೊರಟಿದ್ದ ರಾಜಧಾನಿಯ ಆಟಗಾರರು ಕೂಡ ಒಂದು ಗಳಿಗೆ ನಿಂತು ಮೇಲೆ ನೋಡಿದರು. ಹಿಂದಿನಿಂದ ಓಸ್ಮೊ, ಅವನ ಜನ್ಮಕ್ಕೆ ಮೊದಲ ಬಾರಿಗೆ, ಪಿಸುಮಾತಿನಲ್ಲಿ ಹೇಳಿದ: "ಸರಿಯಾದ ಟೈಮ್ ನೋಡ್ದೆ ಕಣೋ."

ತಾರ್ಮೊನ ಗಡ್ಡವಿಲ್ಲದ ಕಡೆಯ ಕೆನ್ನೆ ಕೆಂಪಾಯಿತು. ನೆಲ ಬಾಯಿ ಬಿಡಬಾರದೇ ಎಂದುಕೊಂಡ.

"ರೌನಿ," ಎಂದಳು ಆಕೆ. ಆಮೇಲೆ, "ಹನ್ನೊಂದು ವರ್ಷ ತಗೊಂಡ್ರಿ, ತಾರ್ಮೊ."

"ನನ್ನ ಹೆಸರು ನಿಮಗೆ ಹೇಗೆ ಗೊತ್ತು?"

"ಹಿಂದೆ ಕೂತಿರೋ ಈ ಮನುಷ್ಯ ಪಂದ್ಯಕ್ಕೆ ನಲವತ್ತು ಸಲ ಕೂಗ್ತಾರೆ. ಇಡೀ ಸಿ ವಿಭಾಗಕ್ಕೆ ಗೊತ್ತು. ನನ್ನ ಹೆಸರು ಕೂಗೋಕೆ ಹಿಂದೆ ಯಾರೂ ಇರ್ಲಿಲ್ಲ."

ಇಷ್ಟು ವರ್ಷವೂ ತಾರ್ಮೊ ಇಬ್ಬರದ್ದೂ ಒಂದೇ ಸಂಕೋಚ ಎಂದುಕೊಂಡಿದ್ದ. ಆಕೆಗೆ ಮೊದಲ ವಾರದಿಂದ ತನ್ನ ಹೆಸರು ಗೊತ್ತಿತ್ತು. ಗೊತ್ತಿದ್ದೂ ಒಮ್ಮೆಯೂ ಕರೆಯದೆ, ಇವನು ಕೇಳಲಿ ಎಂದು ಕಾದಿದ್ದಳು. ಮೂರ್ಖ, ಎಂದು ತನ್ನನ್ನೇ ಬೈದುಕೊಂಡ; ಅದೂ ಸಾಲದು ಅನ್ನಿಸಿತು. ಏನಾದರೂ ಮಾಡಬೇಕಲ್ಲ ಎಂದು ಜೇಬಿನಿಂದ ಆ ಫಾರಂ ತೆಗೆದ.

"ಇದಕ್ಕೆ ಬೇಕಾಗಿತ್ತು," ಎಂದ.

ರೌನಿಯ ಮುಖ ಇಳಿಯಿತು. "ಫಾರಮ್ಮಿಗೆ."

"ಎರಡನೇ ಸಾಲಲ್ಲಿ ಜಾಗ ಇದೆ. ನಿಮ್ಮ ಮಂಡಿಗೆ ಅನುಕೂಲ ಆಗ್ಲಿ ಅಂತ."

"ನನ್ನ ಮಂಡಿಗೇನಾಗಿದೆ?"

"ಕಂಬಿ ಹಿಡ್ಕೊಂಡು ನಿಧಾನ ಹತ್ತುತ್ತೀರಲ್ಲ."

"ನೀವು ಮುಂದೆ ಏದುಸಿರು ಬಿಡ್ತಾ ಹತ್ತುತ್ತಿದ್ರೆ ನಾನು ಹಿಂದಿಂದ ಓಡೋಕಾಗತ್ತಾ?"

ಓಸ್ಮೊ ಇನ್ನು ಇಲ್ಲಿರುವುದು ಸರಿಯಲ್ಲವೆಂದು ಎದ್ದು ನಿಂತ, ಆದರೆ ಹೋಗಲಿಲ್ಲ. ಕೆಳಗೆ ಎರಡೂ ತಂಡದವರು ಸಾಲಾಗಿ ನಿಂತು ಕೈ ಕುಲುಕುತ್ತಿದ್ದರು. ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಮೂರು ವಾರದ ಗಡ್ಡದೊಳಗೆ ಅಳುತ್ತಿದ್ದ ಆಟಗಾರರಿಗೆ ಚಪ್ಪಾಳೆ ನಿಲ್ಲಲೇ ಇಲ್ಲ.

"ಮತ್ಯಾಕೆ ಸೀಟು ಬಿಡ್ತೀರಿ?" ಎಂದ ತಾರ್ಮೊ. ಜನವರಿಯಲ್ಲಿ ಕೇಳಬೇಕಾಗಿದ್ದ ಮಾತು.

ರೌನಿಯೂ ಚಪ್ಪಾಳೆ ತಟ್ಟುತ್ತಿದ್ದಳು. ತಟ್ಟುತ್ತಲೇ ಹೇಳಿದಳು. "ಪ್ರತಿ ವರ್ಷ ಇವರು ಸೋತು ಮನೆಗೆ ಹೋಗ್ತಾರೆ, ನೀವೂ ಹೋಗ್ತೀರಿ. ಆಮೇಲೆ ಅರ್ಧ ವರ್ಷ ನೀವು ಇದೀರೋ ಇಲ್ವೋ ನಂಗೆ ಗೊತ್ತಾಗಲ್ಲ. ನನಗೆ ತಿಳಿಸೋಕೆ ಯಾರಿದಾರೆ? ಪ್ರತಿ ಸೆಪ್ಟೆಂಬರ್ ಆ ಬಾಗಿಲಿಂದ ಒಳಗೆ ಬರುವಾಗ, ಹದಿನಾಲ್ಕು ಖಾಲಿ ಇದ್ರೆ ಅಂತ ಹೊಸಿಲಲ್ಲೇ ನಿಂತ್ಬಿಡ್ತೀನಿ. ಇನ್ನೊಂದು ಸಲ ಹಾಗೆ ಬರೋ ಧೈರ್ಯ ನಂಗಿಲ್ಲ."

ತಾರ್ಮೊ ಅವಳನ್ನೇ ನೋಡಿದ. ಹನ್ನೊಂದು ವರ್ಷ ಐಸು ನೋಡುವ ನೆಪದಲ್ಲಿ ಓರೆಗಣ್ಣಿನಲ್ಲಿ ನೋಡಿದ್ದೇ ಆಯಿತು, ಈಗ ನೆಟ್ಟಗೆ ನೋಡಿದ.

"ನಂಗೂ ಬೇಸಿಗೆ ಅಂದ್ರೆ ಆಗಲ್ಲ," ಎಂದ. "ಎಷ್ಟು ಬೇಗ ಹಿಮ ಬೀಳತ್ತೋ ಅಂತ ಕಾಯ್ತಿರ್ತೀನಿ. ಕೆಲಸಕ್ಕಲ್ಲ."

"ಆ ಎಲ್ಮಿ ಇದಾಳಲ್ಲ?"

"ಎಲ್ಮಿ ಯಾರು ಅಂತ ದೇವರಾಣೆಗೂ ನಂಗೆ ಗೊತ್ತಿಲ್ಲ. ನಿಮ್ಮ ಹೆಸರು ಹುಡುಕ್ತಾ ಇದ್ದೆ. ಕ್ಯಾಲೆಂಡರಲ್ಲಿ."

ರೌನಿ ಚಪ್ಪಾಳೆ ನಿಲ್ಲಿಸಿದಳು. ಅವಳಿಗೆ ನಗು ಬಂತು. ಎಂದೂ ಸದ್ದು ಮಾಡಿ ನಗದವಳು ಕಂಬಿ ಹಿಡಿದುಕೊಂಡು ನಕ್ಕಳು. ಮುಂದಿನ ಸಾಲಿನವರು ಸೋತ ದಿನ ಇದೇನು ಎಂಬಂತೆ ತಿರುಗಿ ನೋಡಿದರು.

ಕ್ರೀಡಾಂಗಣ ಖಾಲಿಯಾಗುತ್ತಿತ್ತು. ಕೊನೆಯ ಬಸ್ಸಿಗೆ ಇನ್ನು ಹತ್ತು ನಿಮಿಷವಿತ್ತು. ತಾರ್ಮೊ ಫಾರಂ ಅನ್ನು ತಿರುವಿ ಹಿಡಿದು, ನಿಮ್ಮ ವಿಳಾಸ ಬರೆಯಿರಿ ಎಂದು ಪೆನ್ನು ಕೊಟ್ಟ. ಅವಳು ಬರೆದಳು. ಅಕ್ಷರಗಳು ದುಂಡಗಿದ್ದವು.

"ನಾಳೆ ಬರ್ಲಾ?" ಎಂದ. "ಸಂಜೆ ಆರೂವರೆಗೆ?"

ಪಂದ್ಯ ಶುರುವಾಗುವ ಹೊತ್ತು ಅದು. ಬೇರೆ ಹೊತ್ತಿನಲ್ಲೂ ಇವಳನ್ನು ನೋಡಬಹುದೆಂದು ಅವನ ತಲೆಗೆ ಇನ್ನೂ ಹೋಗಿರಲಿಲ್ಲ.

"ಬೆಳಿಗ್ಗೇನೇ ಬನ್ನಿ," ಎಂದಳು ರೌನಿ.